ಖರಾಬು ಅಂತ ಬರೆದವರು ಯಾರು?



ಈ ಸಲ ಸ್ವಲ್ಪ ಉದ್ದ ಬರೀತಾ ಇದೀನಿ. ರಾತ್ರಿ ಊಟ ಆದ ಮೇಲೆ ಓದಿ. ಜಗಳ ಆಡೋದಿದ್ರೆ ಧಾರಾಳವಾಗಿ ಆಡಿ, ಆದರೆ ಪೂರ್ತಿ ಓದಿ ಆಡಿ.

ನಮ್ಮೂರ ಗೋಮಾಳದ ವಿಷಯ ಮುಂದಿನ ಗ್ರಾಮಸಭೆಗೆ ಬರುತ್ತಂತೆ. ಒಂದು ಭಾಗ ಸೈಟಿಗೆ, ಒಂದು ಭಾಗ ಈಗಾಗಲೇ ಉಳ್ತಾ ಇರೋರ ಹೆಸರಿಗೆ ಸಕ್ರಮ, ಉಳಿದದ್ದು ಆಮೇಲೆ ನೋಡೋಣ ಅನ್ನೋ ಮಾತು ನಡೀತಾ ಇದೆ. ಇದಕ್ಕೆ ಕೊಡೋ ಕಾರಣ ಒಂದೇ ವಾಕ್ಯ: "ಅದು ಖರಾಬು ಜಾಗ ಕಣ್ರಪ್ಪ, ಪಾಳು ಬಿದ್ದೈತೆ, ಯಾರಿಗೂ ಉಪಯೋಗ ಇಲ್ಲ." ಹುಣಸೂರು ಕಡೆ ನೆಂಟರ ಊರಲ್ಲೂ ಈ ವಾಕ್ಯ ಕೇಳಿದೀನಿ, ಪಿರಿಯಾಪಟ್ಟಣದ ಸಂತೇಲೂ ಕೇಳಿದೀನಿ, ಎಚ್.ಡಿ. ಕೋಟೆ ಬಸ್ಸಲ್ಲೂ ಕೇಳಿದೀನಿ. ನಾನು ಬರೀತಾ ಇರೋದು ಈ ವಾಕ್ಯದ ವಿರುದ್ಧ.

"ಯಾರಿಗೂ ಉಪಯೋಗ ಇಲ್ಲ" ಅಂತ ಹೇಳಬೇಕಾದರೆ ಎಲ್ಲರನ್ನೂ ಕೇಳಿರಬೇಕು ಅಲ್ವಾ? ಯಾರನ್ನ ಕೇಳಿದ್ರು? ಅರಳೀಕಟ್ಟೆ ಮೇಲೆ ಕೂತಿದ್ದ ಹತ್ತು ಹನ್ನೆರಡು ಗಂಡಸರನ್ನ. ಅಷ್ಟೂ ಜನರ ಹೆಸರಲ್ಲಿ ಪಹಣಿ ಇದೆ, ಮನೇಲಿ ಬೋರ್‌ವೆಲ್ ಇದೆ, ಕೊಟ್ಟಿಗೇಲಿ ಸೀಮೆಹಸು ಇದೆ. ಪ್ರಶ್ನೆ ಕೇಳಿದೋರೂ ಅವರೇ, ಉತ್ತರ ಹೇಳಿದೋರೂ ಅವರೇ.

ಆ ಹೊತ್ತಲ್ಲಿ ಕಟ್ಟೆ ಮೇಲೆ ಇಲ್ಲದೆ ಇದ್ದೋರ ಪಟ್ಟಿ ಕೊಡ್ತೀನಿ, ನೋಡಿ.

ಒಬ್ಬ ಕುರಿ ಕಾಯೋನು. ಅವನು ಆಗ ಗೋಮಾಳದಲ್ಲೇ ಇದ್ದ. ರಾಗಿ ಕೊಯ್ಲಾಗೋವರೆಗೆ ಅವನ ಕುರಿಗೆ ಹೊಲದೊಳಗೆ ಕಾಲಿಡೋ ಹಾಗಿಲ್ಲ. ಆ ನಾಲ್ಕೈದು ತಿಂಗಳು ಅವನ ಮಂದೆ ಬದುಕೋದು ಆ 'ಪಾಳು' ನೆಲದ ಮೇಲೆ. ಕೊಯ್ಲಾದ ಮೇಲೆ ಅದೇ ಮಂದೇನ ನಮ್ಮ ಹೊಲದಲ್ಲಿ ರಾತ್ರಿ ನಿಲ್ಲಿಸು ಅಂತ ನಾವೇ ಹೋಗಿ ಕರೀತೀವಿ. ದುಡ್ಡನ್ನೋ ರಾಗಿಯನ್ನೋ ಕೊಟ್ಟು ಕರೀತೀವಿ. ಕುರಿ ಗೊಬ್ಬರ ಬೇಕು, ಕುರಿ ಮೇಯೋ ಜಾಗ ಬೇಡ. ಇದು ಯಾವ ನ್ಯಾಯ?

ಸೊಪ್ಪಿಗೆ ಹೋಗೋ ಹೆಂಗಸರು. ಮಳೆ ಬಿದ್ದು ಹದಿನೈದು ದಿನಕ್ಕೆ ಗೋಮಾಳದ ಬದೀಲಿ ಅಣ್ಣೆಸೊಪ್ಪು, ಕನ್ನೆಸೊಪ್ಪು, ಒಂದೆಲಗ ಬರುತ್ತೆ. ಬೆರಕೆಸೊಪ್ಪಿನ ಬಸ್ಸಾರು ಚಪ್ಪರಿಸಿ ತಿಂತೀವಲ್ಲ, ಅದು ಯಾವ ಸರ್ವೆ ನಂಬರಿಂದ ಬಂತು ಅಂತ ಯಾವತ್ತಾದರೂ ಕೇಳಿದೀವಾ? ಅಣಬೆ, ಒಲೆಗೆ ಪುರಲೆ, ಹೊಂಗೆ ಬೀಜ, ಹುಣಸೆಹಣ್ಣು ಬರೋದೂ ಅಲ್ಲಿಂದಲೇ. ಇದು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ, ಯಾಕಂದ್ರೆ ಇದನ್ನ ಯಾರೂ ಮಾರಲ್ಲ.

ನಾಲ್ಕು ಆಡು ಸಾಕಿರೋ ವಿಧವೆ. ಹೊಲ ಇಲ್ಲ, ಗದ್ದೆ ಇಲ್ಲ. ಅವಳ ಮಗಳ ಕಾಲೇಜು ಫೀಸು ಗೋಮಾಳದ ಹುಲ್ಲಿಂದ ಬಂದದ್ದು. ಅವಳಿಗೆ ಆ ಜಾಗ ಬ್ಯಾಂಕು.

ಕೆರೆ ಕೆಳಗಿನ ಗದ್ದೆಯವನು ಕಟ್ಟೆ ಮೇಲೆ ಕೂತಿದ್ದ, ಆದರೆ ಬಾಯಿ ಬಿಡಲಿಲ್ಲ. ಗೋಮಾಳದ ಇಳಿಜಾರಲ್ಲಿ ಹರಿದ ನೀರೇ ಅವನ ಕೆರೆಗೆ ಬರೋದು. ಹುಲ್ಲಿರೋ ನೆಲ ಮಳೆ ನೀರನ್ನ ತಡೆದು ನಿಧಾನಕ್ಕೆ ಬಿಡುತ್ತೆ, ಒಂದಷ್ಟನ್ನ ಕೆಳಕ್ಕೆ ಇಂಗಿಸುತ್ತೆ. ಅದನ್ನ ಉತ್ತು ಸಡಿಲ ಮಾಡಿದ್ರೆ ನಮ್ಮ ಕೆಂಪು ಮರಳು ಮಣ್ಣು ಒಂದು ಜೋರು ಮಳೆಗೆ ಕೆರೆ ಸೇರುತ್ತೆ. ಆಮೇಲೆ ಹೂಳು ತೆಗೆಯೋಕೆ ಟೆಂಡರು.

ಇಷ್ಟು ಜನರನ್ನ ಬಿಟ್ಟು "ಯಾರಿಗೂ ಉಪಯೋಗ ಇಲ್ಲ" ಅಂದರೆ ಅದರ ಅರ್ಥ ಒಂದೇ: ಕಟ್ಟೆ ಮೇಲೆ ಕೂತಿರೋ ನಮಗೆ ನೇರವಾಗಿ ದುಡ್ಡು ಬರೋ ಉಪಯೋಗ ಇಲ್ಲ.

ಈಗ ಆ ಪದಕ್ಕೆ ಬರೋಣ. ಖರಾಬು ಅನ್ನೋದು ಕಂದಾಯ ಇಲಾಖೆ ಪದ. ವ್ಯವಸಾಯಕ್ಕೆ ಬಾರದ್ದು, ಕಂದಾಯ ಹಾಕೋಕೆ ಆಗದ್ದು ಅಂತ ಅರ್ಥ. ಅದರಲ್ಲೂ ಎರಡು ಬಗೆ. ನಮ್ಮ ಹಿಡುವಳಿ ಒಳಗಿನ ಬಂಡೆ, ಗುಂಡಿ 'ಅ' ಖರಾಬು. ದಾರಿ, ಹಳ್ಳ, ಸ್ಮಶಾನದಂಥ ಊರಿನ ಬಳಕೆಗೆ ಬಿಟ್ಟದ್ದು 'ಬ' ಖರಾಬು. ಸ್ಮಶಾನ ಕೂಡ ಖರಾಬೇ! ಅಲ್ಲಿಗೆ ನಾವೆಲ್ಲ ಒಂದಿನ ಹೋಗಲೇಬೇಕು, ಅದಕ್ಕಿಂತ ಉಪಯೋಗದ ಜಾಗ ಯಾವುದಪ್ಪ? ಅಂದ್ರೆ ಆ ಪದ ಹೇಳೋದು ಸರ್ಕಾರಕ್ಕೆ ಇಲ್ಲಿಂದ ಕಂದಾಯ ಬರಲ್ಲ ಅಂತ ಮಾತ್ರ. ಅದನ್ನ ನಾವು ಕೆಟ್ಟ ಜಾಗ, ಕೆಲಸಕ್ಕೆ ಬಾರದ ಜಾಗ ಅಂತ ಮಾಡ್ಕೊಂಡ್ವಿ. ಹಳೇ ದಾಖಲೆ ತೆಗೆದು ನೋಡಿ: ಗೋಮಾಳ, ಹುಲ್ಲುಬನ್ನಿ, ಗುಂಡುತೋಪು ಅಂತ ಇದೆ. ನಮ್ಮ ಹಿರಿಯರು ಜಾಗಕ್ಕೆ ಹೆಸರಿಟ್ಟದ್ದು ಅದು ಏನು ಕೊಡುತ್ತೆ ಅನ್ನೋದರ ಮೇಲೆ. ನಾವು ಹೆಸರಿಡ್ತಿರೋದು ಅದು ಎಷ್ಟಕ್ಕೆ ಹೋಗುತ್ತೆ ಅನ್ನೋದರ ಮೇಲೆ.

ಇದು ಗೋಮಾಳದ ಕಥೆ ಮಾತ್ರ ಅಲ್ಲ. ನಮ್ಮ ನಾಲ್ಕೂ ತಾಲ್ಲೂಕಲ್ಲಿ, ಯಾವ್ಯಾವ ಜಾಗ ಹತ್ತು ಜನಕ್ಕೆ ಸೇರಿದೆಯೋ ಅಲ್ಲೆಲ್ಲ ಇದೇ ನಡೀತಾ ಇದೆ. ಜಾಗ ಒಂದೇ, ಬೆಲೆ ಹತ್ತು. ಬರೆದಿಡೋದು ಮಾತ್ರ ಒಂದೇ ಬೆಲೆ, ಜೋರಾಗಿ ಮಾತಾಡೋನ ಬೆಲೆ.

ಎಚ್.ಡಿ. ಕೋಟೆ ಕಡೆ ನೋಡಿ. ಕಬಿನಿ ಅಣೆಕಟ್ಟೆ 1974ರಲ್ಲಿ ಮುಗೀತು. ಕೆಳಗಿನ ಊರುಗಳಿಗೆ ಅದು ಗದ್ದೆ ನೀರು, ಬೆಂಗಳೂರು ಕಡೆಯಿಂದ ಬರೋರಿಗೆ ಹಿನ್ನೀರಿನ ರೆಸಾರ್ಟು, ಮುಳುಗಿದ ಊರವರಿಗೆ ಅದರಡಿ ಅವರ ಊರದೇವರ ಗುಡಿ. ಪಕ್ಕದ ನಾಗರಹೊಳೆ ರಾಷ್ಟ್ರೀಯ ಉದ್ಯಾನ ಆದದ್ದು 1988ರಲ್ಲಿ. ಪ್ರವಾಸಿಗೆ ಅದು ಹುಲಿ. ಜೇನುಕುರುಬರಿಗೆ, ಬೆಟ್ಟಕುರುಬರಿಗೆ, ಯರವರಿಗೆ ಅದು ಜೇನು, ಗೆಣಸು, ಮಾಗಳಿ ಬೇರು, ಸತ್ತ ಹಿರಿಯರು ಮಲಗಿರೋ ಜಾಗ. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ವರದಿ ಕೊಡ್ತು. ನಾಗರಹೊಳೆ ಕಾಡಿಂದ ಹೊರಗೆ ಹಾಕಿದ ಆದಿವಾಸಿ ಕುಟುಂಬ 3,418 ಅಂತ ಅದರಲ್ಲಿದೆ. ಕಾಡಿನ ಬೆಲೆ ಕಟ್ಟುವಾಗ ಅವರನ್ನ ಯಾರೂ ಕೇಳಿರಲಿಲ್ಲ.

ಇನ್ನು ಕಾಡಂಚಿನ ರೈತ. ಅವನಿಗೆ ಅದೇ ಕಾಡು ಅಂದ್ರೆ ರಾತ್ರಿ ಅಟ್ಟಣೆ ಮೇಲೆ ಜಾಗರಣೆ, ಬೆಳಿಗ್ಗೆ ತುಳಿದು ಹೋದ ಜೋಳ. 2025ರ ಕೊನೇಲಿ ಸರಗೂರು ಕಡೆ ಹುಲಿ ಬಾಯಿಗೆ ರೈತರು ಸಿಕ್ಕಿ ಸತ್ತ ಮೇಲೆ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಸಫಾರಿ ನಿಲ್ಲಿಸಿದರು. ಜೀವ ಹೋದ ಮೇಲೆ ರೈತನ ಲೆಕ್ಕ ಕಾಗದಕ್ಕೆ ಬಂತು. ಆವಾಗ ನಾವೆಲ್ಲ ಏನಂದ್ವಿ? "ಊರು ಬಿಟ್ಟು ಸಿಟೀಲಿ ಕೂತೋರು ಹುಲಿ ಲೆಕ್ಕ ಹಾಕ್ತಾರೆ, ನಮ್ಮ ಜೀವದ ಲೆಕ್ಕ ಯಾರು ಹಾಕ್ತಾರೆ?" ಅಂದ್ವಿ. ಸರಿಯಾಗೇ ಅಂದ್ವಿ. ನಾನೂ ಅಂದೆ, ಈಗಲೂ ಅಂತೀನಿ.

ಆದರೆ ಅಣ್ಣ, ಅದೇ ಮಾತನ್ನ ನಮ್ಮೂರ ಕುರಿ ಕಾಯೋನು ನಮಗೆ ಅಂದ್ರೆ? "ಹೊಲ ಇರೋರು ಕಟ್ಟೆ ಮೇಲೆ ಕೂತು ಸೈಟಿನ ಲೆಕ್ಕ ಹಾಕ್ತಾರೆ, ನನ್ನ ಕುರಿ ಲೆಕ್ಕ ಯಾರು ಹಾಕ್ತಾರೆ" ಅಂದ್ರೆ? ಸಿಟಿಯವನು ನಮಗೆ ಮಾಡಿದ್ದನ್ನೇ ನಾವು ಅವನಿಗೆ ಮಾಡ್ತಾ ಇದೀವಿ. ನಮಗೆ ಒಂದು ನ್ಯಾಯ, ಅವನಿಗೆ ಇನ್ನೊಂದು ನ್ಯಾಯ ಆಗಲ್ಲ.

ಕೆ.ಆರ್. ನಗರದ ಗದ್ದೆ ಬಯಲಿನ ಸ್ನೇಹಿತರು ನಗ್ತಾರೆ: "ನಮಗೆ ಗೋಮಾಳದ ತಲೆನೋವು ಯಾಕಪ್ಪ, ನಾಲೆ ಐತೆ." ನಾಲೇನೂ ಹತ್ತು ಜನರದ್ದೇ ತಾನೇ? ತಲೆಯಲ್ಲಿರೋನಿಗೆ ನಾಲೆ ಅಂದ್ರೆ ಎರಡು ಬೆಳೆ ಭತ್ತ. ಕೊನೇಲಿರೋನಿಗೆ ನಾಲೆ ಅಂದ್ರೆ ಸೌಡಿ ಯಾವಾಗ ನೀರು ಬಿಡ್ತಾನೆ ಅಂತ ರಾತ್ರಿ ಟಾರ್ಚ್ ಹಿಡ್ಕೊಂಡು ಕಾಯೋದು. ಇನ್ನು ಲಕ್ಷ್ಮಣತೀರ್ಥ. ಹನಗೋಡು ಅಣೆಕಟ್ಟೆ ಹತ್ತಿರ ಅದು ಗದ್ದೆಗೆ ನೀರು. ಹುಣಸೂರು ಪಟ್ಟಣ ದಾಟೋ ಹೊತ್ತಿಗೆ ಅದು ಚರಂಡಿ ಹೊತ್ತ ನೀರು. ಪಟ್ಟಣಕ್ಕೆ ಅದರ ಉಪಯೋಗ ಕೊಳಕು ತಗೊಂಡು ಹೋಗೋದು, ಕೆಳಗಿನ ಊರಿನ ದನಕ್ಕೆ ಅದರ ಉಪಯೋಗ ಕುಡಿಯೋದು. ಈ ಎರಡು ಉಪಯೋಗ ಒಂದೇ ಹೊಳೇಲಿ ಬಾಳಲ್ಲ. ಯಾರದ್ದೋ ಒಬ್ಬರದು ಸಾಯಬೇಕು, ಸತ್ತಿರೋದು ಯಾರದು ಅಂತ ಕೆಳಗಿನೋರಿಗೆ ಗೊತ್ತು.

ಪಿರಿಯಾಪಟ್ಟಣದಲ್ಲಿ ಕಾವೇರಿ ನೀರನ್ನ ಮುತ್ತಿನಮುಳ್ಳುಸೋಗೆಯಿಂದ ಎತ್ತಿ 150 ಕೆರೆ ತುಂಬಿಸೋ ಯೋಜನೆ ಇದೆ. ಬೇಕಾದ ಯೋಜನೆ, ನಾನು ವಿರೋಧಿ ಅಲ್ಲ. ಆದರೆ ಒಂದು ಮಾತು. ಆ ಕೆರೆಗಳನ್ನ ಕಟ್ಟಿದೋರ ಹತ್ತಿರ ಮೋಟಾರ್ ಇರಲಿಲ್ಲ. ಮೇಲಿನ ಇಳಿಜಾರು, ಗೋಮಾಳ, ರಾಜಕಾಲುವೆ ಅವುಗಳನ್ನ ತುಂಬಿಸ್ತಾ ಇದ್ವು, ಪುಕ್ಕಟೆಯಾಗಿ. ಕಾಲುವೆ ಒತ್ತುವರಿ ಮಾಡಿ, ಇಳಿಜಾರು ಉತ್ತು, ಈಗ ನೀರನ್ನ ಕರೆಂಟಲ್ಲಿ ಎತ್ತಿಸ್ತಾ ಇದೀವಿ. ಮಳೆ ಕಮ್ಮಿ ಆಗಿದ್ದೂ ಕಾರಣ ಇರಬಹುದು, ಒಪ್ತೀನಿ. ಆದರೆ ಗೋಮಾಳದ ಬೆಲೆ ಎಷ್ಟು ಅಂತ ಕೇಳೋರಿಗೆ ನಾನು ಹೇಳೋದು: ಆ ಪಂಪಿನ ಕರೆಂಟ್ ಬಿಲ್ಲು ತೆಗೆದು ನೋಡಿ, ಅದರಲ್ಲಿ ಒಂದು ಪಾಲು ಅಲ್ಲಿ ಬರೆದಿದೆ.

ಇನ್ನು ನಮ್ಮ ಕಾಲಬುಡಕ್ಕೆ ಬರ್ತೀನಿ. ಹೊಗೆಸೊಪ್ಪು.

ನಾನೂ ಬ್ಯಾರನ್ ಇಟ್ಟಿರೋನು, ಅದಕ್ಕೇ ಈ ಮಾತು ಆಡ್ತೀನಿ. ಒಂದು ಕೆಜಿ ಸೊಪ್ಪು ಬೇಯಿಸೋಕೆ ನಾಲ್ಕೈದು ಕೆಜಿ ಸೌದೆ ಹೋಗುತ್ತೆ ಅನ್ನೋದು ನಮಗೆಲ್ಲ ಗೊತ್ತಿರೋ ವಿಷಯ. ಒಂದು ಬ್ಯಾರನ್ನಿಗೆ 1,500 ಕೆಜಿ ಸೊಪ್ಪು ಅಂತ ಇಟ್ಕೊಳ್ಳಿ, ಆರರಿಂದ ಏಳೂವರೆ ಟನ್ ಸೌದೆ. ಇತ್ತೀಚಿನ ವರ್ಷಗಳಲ್ಲಿ ತಂಬಾಕು ಮಂಡಳಿ ನಮ್ಮ ರಾಜ್ಯಕ್ಕೆ ಕೊಡ್ತಿರೋ ಮಿತಿ 10 ಕೋಟಿ ಕೆಜಿ ಆಸುಪಾಸಿದೆ. ಗುಣಿಸಿ ನೋಡಿ. ನಾಲ್ಕೈದು ಲಕ್ಷ ಟನ್ ಮರ, ವರ್ಷಕ್ಕೆ. ಅದು ಎಲ್ಲಿಂದ ಬರುತ್ತೆ? ಒಂದಷ್ಟು ಕಾಫಿ ತೋಟದ ಸಿಲ್ವರ್ ಓಕು, ಒಂದಷ್ಟು ನೀಲಗಿರಿ, ಸರ್ವೆ. ಉಳಿದದ್ದು? ಬದುವಿನ ಬೇವು, ಹೊಂಗೆ, ಊರಾಚೆ ಹುಣಸೆ, ಹಳೇ ಮಾವು.

ಗುಂಡುತೋಪಿನ ಹುಣಸೇಮರವನ್ನೇ ತಗೊಳ್ಳಿ. ಸೌದೆ ವ್ಯಾಪಾರಿಗೆ ಅದು ಇಷ್ಟು ಟನ್. ಪಂಚಾಯಿತಿಗೆ ಅದು ವರ್ಷಕ್ಕೊಂದು ಹರಾಜು. ಹಣ್ಣು ಕುಟ್ಟಿ ಬೀಜ ತೆಗೆಯೋ ಹೆಂಗಸಿಗೆ ಅದು ಬೇಸಿಗೆ ಎರಡು ತಿಂಗಳ ಕೂಲಿ. ದನ ಕಾಯೋನಿಗೆ ನೆರಳು. ಅಜ್ಜಂದಿರು ನೆಟ್ಟದ್ದು ಅಂತ ಊರಿಗೆ ಒಂದು ನೆನಪು. ಇವುಗಳಲ್ಲಿ ಒಂದೇ ಒಂದಕ್ಕೆ ತೂಕದ ಚೀಟಿ ಸಿಗುತ್ತೆ, ಸೌದೆಗೆ. ಅದಕ್ಕೇ ಅದು ಗೆಲ್ಲುತ್ತೆ. ಹರಾಜು ಕಟ್ಟೇಲಿ ಸೊಪ್ಪಿಗೆ ರೇಟು ಸಾಲದು ಅಂತ ಕೂಗೋ ನಾವು, ಬೀಜ, ಗೊಬ್ಬರ, ಕೂಲಿ, ಬಡ್ಡಿ ಎಲ್ಲ ಖರ್ಚಲ್ಲಿ ಬರೀತೀವಿ. ಊರಿನ ಮರ ಮಾತ್ರ ಖರ್ಚಲ್ಲಿ ಇಲ್ಲ. ಅದನ್ನ ಕೊಟ್ಟೋನು ಯಾರು, ಕಳಕೊಂಡೋನು ಯಾರು ಅಂತ ಕಾಲಮ್ಮೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತಾರಲ್ಲ, ಬೇರೆ ಯಾರಿಗೂ ಅಲ್ಲ, ನಮಗೇ ಹೇಳಿದ ಗಾದೆ ಅದು.

ಹೊಗೆಸೊಪ್ಪು ಬಿಡಿ ಅಂತ ಹೇಳ್ತಾ ಇಲ್ಲ. ಸಾಲ ತೀರೋಕೆ ಇನ್ನೊಂದು ಬೆಳೆ ತೋರಿಸದೆ ಆ ಮಾತು ಆಡೋನು ರೈತ ಅಲ್ಲ. ಆದರೆ ಬ್ಯಾರನ್ ಇರೋನು ತನ್ನ ಸೌದೇನ ತನ್ನ ಬದುವಿನಲ್ಲಿ ಬೆಳೀಬೇಕು, ಇಲ್ಲ ತೋಟದ ಸೌದೆ ದುಡ್ಡು ಕೊಟ್ಟು ತರಬೇಕು. ಊರಿನ ಮರಕ್ಕೆ ಕೈ ಹಾಕಬಾರದು. ಇಷ್ಟೇ.

ಈಗ ನೀವು ಕೇಳೋ ಪ್ರಶ್ನೆಗಳು. ನನಗೆ ಗೊತ್ತು, ಫೋನ್ ಬರುತ್ತೆ, ಅದಕ್ಕೆ ಮುಂಚೇನೇ ಉತ್ತರ ಹೇಳ್ಬಿಡ್ತೀನಿ.

ಒಂದು: "ಈಗ ಊರಲ್ಲಿ ದನ ಎಲ್ಲಿವೆ? ಎಲ್ಲ ಕೊಟ್ಟಿಗೇಲಿ ಕಟ್ಟಿ ಸಾಕೋ ಹಸು." ಕಟ್ಟಿ ಸಾಕೋ ಹಸುವಿನ ಕರು, ಬತ್ತಿದ ಹಸು, ಎಮ್ಮೆ, ಆಡು, ಕುರಿ ಎಲ್ಲಿ ಮೇಯುತ್ವೆ? ಕಟ್ಟಿ ಹಾಕಿದ್ರೆ ಹುಲ್ಲು ಕೊಳ್ಳಬೇಕು. ಬೇಸಿಗೇಲಿ ಕೆ.ಆರ್. ನಗರದಿಂದ ಬರೋ ಭತ್ತದ ಹುಲ್ಲಿನ ಲೋಡಿಗೆ ಎಷ್ಟು ಕೊಟ್ಟಿರಿ ಅಂತ ನೆನಪು ಮಾಡ್ಕೊಳ್ಳಿ. ಡೈರಿ ಬಟವಾಡೆ ದಿನ ಕೈಗೆ ಎಷ್ಟು ಉಳೀತು ಅಂತಲೂ ನೋಡ್ಕೊಳ್ಳಿ. ಕಾನೂನೂ ಇದೆ. ಕರ್ನಾಟಕ ಭೂ ಕಂದಾಯ ನಿಯಮ 1966ರ 97ನೇ ನಿಯಮದ ಪ್ರಕಾರ 100 ರಾಸಿಗೆ 12 ಹೆಕ್ಟೇರ್, ಅಂದ್ರೆ ಸುಮಾರು 30 ಎಕರೆ ಗೋಮಾಳ ಇರಬೇಕು. ನಿಮ್ಮೂರಲ್ಲಿ 300 ರಾಸು ಇದ್ರೆ ಹತ್ತಿರ ಹತ್ತಿರ 90 ಎಕರೆ. ಇದೆಯಾ? ಅಳೆದು ನೋಡಿ ಆಮೇಲೆ ಹಂಚೋ ಮಾತಾಡಿ.

ಎರಡು: "ಬಡವನಿಗೆ ಎರಡು ಎಕರೆ ಕೊಟ್ಟರೆ ನಿನಗೇನು ಹೊಟ್ಟೆಯುರಿ?" ಬಡವನಿಗೆ ಕೊಡಿ, ಮೊದಲು ಅವನಿಗೇ ಕೊಡಿ, ಸೈಟೂ ಕೊಡಿ. ಆದರೆ ನಮೂನೆ 50, 53, 57ರಲ್ಲಿ ಅರ್ಜಿ ಹಾಕಿದೋರ ಪಟ್ಟಿ ನಿಮ್ಮೂರಲ್ಲಿ ಒಮ್ಮೆ ಓದಿ. ಒತ್ತುವರಿ ಮಾಡಬೇಕಾದರೆ ಪಕ್ಕದಲ್ಲಿ ಹೊಲ ಇರಬೇಕು, ಟ್ರ್ಯಾಕ್ಟರ್ ಬಾಡಿಗೆಗೆ ದುಡ್ಡಿರಬೇಕು, ಕೇಳೋಕೆ ಬಂದೋರನ್ನ ಗದರಿಸೋ ಗಂಟಲಿರಬೇಕು. ನಾಲ್ಕು ಆಡಿನ ಆ ಹೆಣ್ಣುಮಗಳ ಹತ್ತಿರ ಇದರಲ್ಲಿ ಯಾವುದಿದೆ? ಅವಳ ಹೆಸರು ಹೇಳಿ ನಾವು ತಗೊಳ್ತಾ ಇದೀವಿ. ತಗೊಂಡದ್ದರಲ್ಲಿ ಎಷ್ಟೋ ಜಾಗ ಎರಡೇ ವರ್ಷಕ್ಕೆ ಶುಂಠಿ ಬೆಳೆಯೋರಿಗೆ ಗುತ್ತಿಗೆಗೆ ಹೋಗಿದೆ. ಬಡವನ ಹೊಟ್ಟೆಗೆ ಅಲ್ಲ.

ಮೂರು: "ಉಳುವವನೇ ಹೊಲದೊಡೆಯ ಅಂತ ಅರಸು ಹೇಳಿಲ್ವಾ?" ಈ ಮಾತು ಕೇಳಿದ್ರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ದೇವರಾಜ ಅರಸು ನಮ್ಮ ಹುಣಸೂರು ತಾಲ್ಲೂಕು ಕಲ್ಲಹಳ್ಳಿಯವರು. 1974ರಲ್ಲಿ ಅವರ ಕಾಲದ ಭೂಸುಧಾರಣೆ ತಿದ್ದುಪಡಿ ಬಂದಾಗ ಆ ಕಾನೂನು ಕೇಳಿದ್ದು ಏನು? ಕಾಗದದಲ್ಲಿ ಹೆಸರು ಯಾರದು ಅಂತಲ್ಲ, ನೆಲದ ಮೇಲೆ ಬೆವರು ಯಾರದು ಅಂತ. ಊರಲ್ಲಿಲ್ಲದ ಒಡೆಯನಿಂದ ಗೇಣಿದಾರನಿಗೆ ಭೂಮಿ ಬಂತು. ನಮ್ಮಲ್ಲಿ ಎಷ್ಟೋ ಮನೆಗಳ ಪಹಣಿ ಹಾಗೆ ಬಂದದ್ದೇ. ಗೋಮಾಳದ ಒಡೆಯ ಊರು ಬಿಟ್ಟು ಹೋದ ಜಮೀನ್ದಾರ ಅಲ್ಲ, ಇಡೀ ಊರು. ಅಲ್ಲಿ ಬೆವರು ಸುರಿಸ್ತಿರೋನು ಕುರಿ ಕಾಯೋನು, ಸೊಪ್ಪು ಕೀಳೋಳು. ಅರಸು ಕೇಳಿದ ಪ್ರಶ್ನೇನ ಗೋಮಾಳದಲ್ಲಿ ನಿಂತು ಕೇಳಿದ್ರೆ ಉತ್ತರ ಅವರ ಪರ ಬರುತ್ತೆ, ಟ್ರ್ಯಾಕ್ಟರ್ ತಂದೋನ ಪರ ಅಲ್ಲ.

ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. 2011ರ ಜನವರಿ 28ರಂದು, ಪಂಜಾಬಿನ ಒಂದು ಊರಿನ ಕೆರೆ ಒತ್ತುವರಿ ಕೇಸಿನಲ್ಲಿ, ಜಗಪಾಲ್ ಸಿಂಗ್ ಪ್ರಕರಣ ಅಂತಾರೆ. ಊರೊಟ್ಟಿನ ಜಾಗದ ಒತ್ತುವರಿ ತೆರವು ಮಾಡಿ ಗ್ರಾಮಕ್ಕೆ ವಾಪಸ್ ಕೊಡೋ ಯೋಜನೆ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳ್ತು. ಬಹಳ ವರ್ಷದಿಂದ ಅನುಭವದಲ್ಲಿದೆ, ಮನೆ ಕಟ್ಟಿ ದುಡ್ಡು ಸುರಿದಿದೀವಿ ಅನ್ನೋದು ಸಕ್ರಮಕ್ಕೆ ಕಾರಣ ಆಗಲ್ಲ ಅಂತಲೂ ಹೇಳ್ತು. ಭೂಮಿ ಇಲ್ಲದ ಬಡವರಿಗೆ, ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಾಗ, ಶಾಲೆ, ಆಸ್ಪತ್ರೆಯಂಥದ್ದಕ್ಕೆ ಅದರಲ್ಲಿ ವಿನಾಯಿತಿಗೆ ದಾರಿ ಇದೆ. ನಾನು ಹೇಳ್ತಿರೋದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ.

ಹಾಗಾದರೆ ಏನು ಮಾಡೋಣ? ಮೂರೇ ಕೆಲಸ.

ಮೊದಲನೇದು, ಗ್ರಾಮಸಭೆಗೆ ಮುಂಚೆ ಗೋಮಾಳ, ಗುಂಡುತೋಪು, ಕೆರೆ, ರಾಜಕಾಲುವೆ ಸರ್ವೆ ನಂಬರಿನ ಪಟ್ಟಿ, ವಿಸ್ತೀರ್ಣ ಎಲ್ಲ ಗ್ರಾಮ ಆಡಳಿತಾಧಿಕಾರಿಯಿಂದ ತೆಗೆಸಿ. ರಾಸಿನ ಎಣಿಕೆ ಪಶು ಆಸ್ಪತ್ರೇಲಿ ಸಿಗುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ನಿಯಮದ ಪ್ರಕಾರ ಸಾಲುತ್ತಾ ಇಲ್ವಾ ನೋಡಿ.

ಎರಡನೇದು, ಸಭೇಲಿ ಮೊದಲ ಮಾತು ಪಹಣಿ ಇಲ್ಲದೋರಿಗೆ. ಕುರಿ ಕಾಯೋನು, ಆಡು ಸಾಕೋರು, ಸೊಪ್ಪಿಗೆ ಹೋಗೋರು, ಹಾಡಿಯವರು, ಕೆರೆ ಕೊನೇ ಗದ್ದೆಯವನು. ಅವರು ಸಭೆಗೆ ಬರಲ್ಲ, ಯಾಕಂದ್ರೆ ಸಭೆ ಇಡೋದು ಹನ್ನೊಂದು ಗಂಟೆಗೆ, ಕುರಿ ಆಚೆ ಹೋಗೋದು ಒಂಬತ್ತಕ್ಕೆ. ಸಂಜೆ ಇಡಿ. ಬರದಿದ್ರೆ ಅವರ ಬಾಗಿಲಿಗೆ ಹೋಗಿ ಕೇಳಿ. "ಈ ಜಾಗ ಹೋದ್ರೆ ನಿನಗೆ ಏನು ಹೋಗುತ್ತೆ?" ಇದೊಂದೇ ಪ್ರಶ್ನೆ. ಉತ್ತರಾನ ನಡವಳಿ ಪುಸ್ತಕದಲ್ಲಿ ಬರೆಸಿ. ಬರೆದಿದ್ರೆ ತಾನೇ ನಾಳೆ ತಹಸೀಲ್ದಾರರ ಮುಂದೆ, ಕೋರ್ಟ್ ಮುಂದೆ ಇಡೋಕಾಗೋದು.

ಮೂರನೇದು, ಬ್ಯಾರನ್ ಇರೋ ನಾವು ಊರಿನ ಮರ ಕಡಿಯಲ್ಲ, ಕಡಿದೋನಿಂದ ಕೊಳ್ಳಲ್ಲ ಅಂತ ಅದೇ ಸಭೇಲಿ ಒಪ್ಕೊಳ್ಳೋದು. ಮಳೆಗಾಲದಲ್ಲಿ ಬ್ಯಾರನ್ನಿಗೆ ಇಷ್ಟು ಸಸಿ ಅಂತ ಬದುವಿಗೆ ಹಾಕೋದು. ನಮ್ಮದನ್ನ ಬಿಡದೆ ಬೇರೆಯವರ ಒತ್ತುವರಿ ಬಿಡಿಸೋಕೆ ಹೊರಟರೆ ಯಾರು ಕೇಳ್ತಾರೆ?

ನಮ್ಮೂರ ಸಭೇಲಿ ಸಕ್ರಮದ ಪರ ನಿಂತಿರೋರಲ್ಲಿ ನನ್ನ ಸ್ವಂತ ದಾಯಾದಿಗಳೂ ಇದಾರೆ. ಇದನ್ನ ಓದಿ ಮುಂದಿನ ಹಬ್ಬಕ್ಕೆ ಕರೀತಾರೋ ಇಲ್ವೋ ಗೊತ್ತಿಲ್ಲ. ಕರೆಯದಿದ್ರೂ ಪರವಾಗಿಲ್ಲ, ಆದರೆ ಸಭೇಲಿ ಎದ್ದು ನಿಂತು "ಯಾರಿಗೂ ಉಪಯೋಗ ಇಲ್ಲ" ಅಂತ ಇನ್ನೊಂದು ಸಲ ಅಂದ್ರೆ, ಯಾರ್ಯಾರನ್ನ ಕೇಳಿದ್ರಿ ಅಂತ ಹೆಸರು ಹಿಡಿದು ಹೇಳಿ ಅಂತ ನಾನು ಕೇಳೇ ಕೇಳ್ತೀನಿ. ನಿಮ್ಮೂರಲ್ಲಿ ನೀವೂ ಕೇಳಿ.